ಗಾಜಿನ ಆಚೆ ಆಡಿದ ಮಾತು

ಮಗ್ಗದ ಶೆಡ್ಡಿನಲ್ಲಿ ಕಿವಿಗೆ ಕೆಲಸವಿಲ್ಲ. ಒಂದರ ಪಕ್ಕ ಒಂದು ಮಗ್ಗ, ಪ್ರತಿಯೊಂದೂ ತಗಡಿನ ಮೇಲೆ ಕಲ್ಲು ಸುರಿದ ಹಾಗೆ ಬಡಿದುಕೊಳ್ಳುತ್ತಿರುತ್ತದೆ. ಪಕ್ಕದವಳ ಕಿವಿಗೆ ಬಾಯಿ ಹಚ್ಚಿ ಕಿರುಚಿದರೂ ಕೇಳುವುದಿಲ್ಲ. ಹಾಗಂತ ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಮಾತಾಡದೆ ಇರುತ್ತಾರೆಯೇ? ಅದಕ್ಕೇ ನಾವು ಬಾಯಿ ನೋಡುತ್ತೇವೆ. ತುಟಿ ಅಲ್ಲಾಡಿಸಿದರೆ ಸಾಕು, ದನಿ ಬೇಕಿಲ್ಲ. ಶೆಡ್ಡಿನ ಈ ತುದಿಯಲ್ಲಿ ನಿಂತವಳು ಆ ತುದಿಯವಳಿಗೆ, “ನಿನ್ನ ಗಂಡ ನಿನ್ನೆ ಮತ್ತೆ ಕುಡ್ಕೊಂಡು ಬಂದ್ನಾ?” ಎಂದು ಕೇಳಬಹುದು. ಅವಳು, “ಬಂದ, ಬಾಗಿಲು ಹಾಕ್ಕೊಂಡೆ, ಮೆಟ್ಟಿಲ ಮೇಲೆ ಮಲಗಿದ್ದ” ಎನ್ನಬಹುದು. ನಡುವೆ ನಿಂತ ಗಂಡಸರಿಗೆ ಒಂದಕ್ಷರವೂ ತಿಳಿಯದು. ಅವರು ಮಗ್ಗ ರಿಪೇರಿಗೆಂದು ಕಿವಿಗೆ ಹತ್ತಿ ತುರುಕಿಕೊಂಡು ಬರುತ್ತಾರೆ, ಹೋಗುತ್ತಾರೆ. ನಾವೇನೋ ಜಗಿಯುತ್ತಿದ್ದೇವೆ ಎಂದುಕೊಂಡಿದ್ದಾರೆ.

ನಮ್ಮ ಮನೆಯಲ್ಲಿ ಈ ವಿದ್ಯೆ ಅತ್ತೆಯಿಂದ ಬಂದದ್ದು. ಅವರು ಇದೇ ಮಿಲ್ಲಿನಲ್ಲಿ ಮಗ್ಗ ನಡೆಸಿ ಮುದುಕಿಯಾದವರು. ಈಗ ತಲೆಯ ಹಿಂದೆ ತಗಡು ಬಡಿದರೂ ತಿರುಗಿ ನೋಡುವುದಿಲ್ಲ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಯೂ ನನ್ನ ಓರಗಿತ್ತಿಯೂ ಒಲೆಯ ಮುಂದೆ ಸುಮ್ಮನೆ ಬಾಯಾಡಿಸುತ್ತಾ ಕೂತಿರುವುದನ್ನು ಕಂಡು, ಇವರಿಬ್ಬರಿಗೂ ತಲೆ ಸರಿಯಿಲ್ಲ ಎಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅವರು ನಾನು ಮಾಡಿದ ಸಾರನ್ನು ಆಡಿಕೊಳ್ಳುತ್ತಿದ್ದರು. ಸಿಟ್ಟಿಗೆ ಕಲಿತೆ. ನನ್ನ ಗಂಡ ಬಸ್ಸಿನ ಡ್ರೈವರು; ಸಂಜೆ ಅವನು ಪೇಪರ್ ಹಿಡಿದು ಕೂತಿದ್ದರೆ ನಾವು ಮೂವರೂ ಅವನ ಎದುರಿಗೇ ಅವನ ಚರ್ಮ ಸುಲಿಯುತ್ತೇವೆ. ಮನೆ ಎಷ್ಟು ಶಾಂತವಾಗಿದೆ ಎಂದು ಅವನಿಗೆ ಖುಷಿ.

ಓರಗಿತ್ತಿ ಎಂದರೆ ನನ್ನ ಭಾವನ ಹೆಂಡತಿ. ಭಾವ ತೀರಿಕೊಂಡ ಮೇಲೂ ಅವಳು ನಮ್ಮೊಂದಿಗೇ ಉಳಿದಳು. ನಾನು ಅಕ್ಕ ಎನ್ನುತ್ತೇನೆ. ಮಿಲ್ಲಿನಲ್ಲಿ ಅವಳ ಹೆಸರು ಮೈಕಮ್ಮ. ರಿಪೇರಿಯ ಗಂಡಸರು ಗೇಲಿಗೆ ಇಟ್ಟದ್ದು. ಕಿವಿ ಹೋದವರಿಗೆ ತಮ್ಮ ದನಿಯ ಅಳತೆ ಸಿಗುವುದಿಲ್ಲ. ಅವಳು ಗುಟ್ಟು ಹೇಳಿದರೂ ಮೂರನೆಯ ಮನೆಗೆ ಕೇಳುತ್ತದೆ. ಆದರೆ ಗೇಟಿನ ಹತ್ತಿರ ನೂಲಿನ ಪೆಟ್ಟಿಗೆ ಬೋರಲು ಹಾಕಿಕೊಂಡು ಅದರ ಮೇಲೆ ನಿಂತರೆ ಆ ದನಿಯೇ ಬಂಡವಾಳವಾಗುತ್ತಿತ್ತು. ಹೆಂಗಸರ ಪಾಯಿಖಾನೆಯ ಬೀಗದ ಕೈ ಮೇಸ್ತ್ರಿಯ ಜೇಬಿನಲ್ಲಿರುತ್ತಿದ್ದ ಕಾಲವೊಂದಿತ್ತು. “ಒಳಗೆ ಹೋಗೋಕೆ ಇವನಪ್ಪಣೆ ಯಾಕೆ, ಇವನೇನು ಬಂದು ತೊಳಿತಾನಾ?” ಎಂದು ಅವಳು ಪೆಟ್ಟಿಗೆ ಹತ್ತಿ ಕೂಗಿದ್ದಕ್ಕೆ ಬೀಗ ಹೋಯಿತು. ಆಮೇಲೆ ಅವಳು ಹಿಡಿದದ್ದು ಬಡ್ತಿಯ ವಿಷಯ. ಗಂಡಸರಿಗೆ ಮೇಲಿನ ಕೆಲಸ ಸರದಿಯ ಪ್ರಕಾರ ಸಿಗುತ್ತಿತ್ತು. ಹೆಂಗಸರು ನೂಲು ಹರಿದಲ್ಲಿ ಗಂಟು ಹಾಕುವ ಕೆಲಸಕ್ಕೆ ಸೇರಬೇಕು, ಅಲ್ಲಿಂದ ಸ್ವಂತ ಮಗ್ಗ ಸಿಗುವುದು ಮೇಸ್ತ್ರಿಗೆ ಮನಸ್ಸಾದರೆ. “ಅವರಿಗೆ ಸರದಿ, ನಮಗೆ ಇವನ ಮನಸ್ಸು. ಇವನ ಮನಸ್ಸು ಎಲ್ಲಿರುತ್ತೆ ಅಂತ ನಮ್ಗೆ ಗೊತ್ತಿಲ್ವಾ?” ಎನ್ನುತ್ತಿದ್ದಳು. ಹೆಂಗಸರು ನಗುತ್ತಿದ್ದರು. ನಕ್ಕು ಮನೆಗೆ ಹೋಗುತ್ತಿದ್ದರು.

ನಾವು ಕಿವುಡರು ಎಂಬುದು ಮಾತ್ರ ಯಾರೂ ಯಾವ ಪೆಟ್ಟಿಗೆ ಹತ್ತಿಯೂ ಹೇಳದ ವಿಷಯ. ಮಿಲ್ಲಿನಲ್ಲಿ ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ನಡೆಯುತ್ತದೆ. ಅಪಾಯದ ಗಂಟೆ ಕೇಳಿಸದವರು ಯಂತ್ರದ ಹತ್ತಿರ ನಿಲ್ಲಬಾರದೆಂದು ನಿಯಮ. ನಿಲ್ಲಬಾರದು ಎಂದರೆ ಕೂತು ಮಾಡುವ ಕೆಲಸ ಕೊಡುತ್ತಾರೆ ಎಂದಲ್ಲ, ಮನೆಗೆ ನಡಿ ಎಂದು. ನರ್ಸು ಮೇಜಿನ ಆಚೆ ಕೂತು ಮೆಲ್ಲಗೆ ಒಂದೊಂದು ಪದ ಹೇಳುತ್ತಾಳೆ, ನಾವು ಅದನ್ನು ತಿರುಗಿ ಹೇಳಬೇಕು. ನಾವು ಅವಳ ಬಾಯಿ ನೋಡಿ ಹೇಳುತ್ತೇವೆ. ಅತ್ತೆ ಇನ್ನೂ ಒಂದು ಉಪಾಯ ಕಲಿಸಿದ್ದರು: ನಡುವೆ ಒಂದು ಪದವನ್ನು ಬೇಕೆಂದೇ ತಪ್ಪಾಗಿ ಹೇಳಬೇಕು, ಎಲ್ಲ ಸರಿಯಾದರೆ ಅನುಮಾನ ಬರುತ್ತದೆ. ಹೀಗೆ ಇಡೀ ಶೆಡ್ಡು ಕಿವುಡಾಗಿ, ಇಡೀ ಶೆಡ್ಡು ಪರೀಕ್ಷೆಯಲ್ಲಿ ಪಾಸಾಗಿ, ತಮ್ಮ ಯಂತ್ರಗಳಿಂದ ಯಾರ ಕಿವಿಗೂ ತೊಂದರೆಯಾಗಿಲ್ಲ ಎಂದು ಮಿಲ್ಲಿನವರು ಬೋರ್ಡು ಬರೆಸಿ ಹಾಕಿಕೊಂಡಿದ್ದರು. ಆ ಸುಳ್ಳನ್ನು ಅವರಿಗೆ ಬರೆದುಕೊಟ್ಟವರು ನಾವೇ.

ನಾವು ಕತ್ತರಿ ಎಂದು ಕರೆಯುವ ಹುಡುಗಿಯ ವಿಷಯ ಹೇಳಬೇಕು. ಗಂಟು ಹಾಕುವ ಹೆಂಗಸರ ಕೊರಳಲ್ಲಿ ದಾರಕ್ಕೆ ಕಟ್ಟಿದ ಸಣ್ಣ ಕತ್ತರಿ ತೂಗುತ್ತಿರುತ್ತದೆ. ಎಲ್ಲರಿಗೂ ಇದ್ದರೂ ಆ ಹೆಸರು ಬಿದ್ದದ್ದು ಇವಳೊಬ್ಬಳಿಗೆ, ನಾಲಿಗೆಯೂ ಹಾಗೇ ಇದ್ದುದರಿಂದ. ಇಪ್ಪತ್ತೆರಡು ಇಪ್ಪತ್ತಮೂರರ ಹೆಣ್ಣು, ಕಾಯಿಲೆಯ ತಾಯಿಯನ್ನು ಸಾಕುತ್ತಿದ್ದಳು. ಅವಳಿಗಿಂತ ಆಮೇಲೆ ಸೇರಿದವರಿಗೆ ಮಗ್ಗ ಸಿಕ್ಕಿತ್ತು, ಅವಳಿಗೆ ಸಿಕ್ಕಿರಲಿಲ್ಲ. ಯಾಕೆ ಎಂದು ಅವಳು ಮೇಸ್ತ್ರಿಯನ್ನು ಎಲ್ಲರೆದುರು ಕೇಳಿದಳು. ಅವನು ನಕ್ಕು, ಕ್ಯಾಬಿನ್ನಿಗೆ ಬಾ ಎಂದು ಕೈ ಮಾಡಿದ.

ಮೇಸ್ತ್ರಿಯ ಕ್ಯಾಬಿನ್ನು ಶೆಡ್ಡಿನ ಒಂದು ಮೂಲೆಯಲ್ಲಿ, ನಾಲ್ಕು ಮೆಟ್ಟಿಲು ಮೇಲಕ್ಕಿದೆ. ನಮ್ಮನ್ನು ಕಾಯಲಿಕ್ಕೆ ಅನುಕೂಲವಾಗಲೆಂದು ಮೂರು ಕಡೆ ಗಾಜು, ಸದ್ದು ಒಳಗೆ ಬರಬಾರದೆಂದು ಎರಡು ಪದರ ದಪ್ಪ. ಬಾಗಿಲು ಹಾಕಿಕೊಂಡರೆ ಒಳಗಿನ ಮಾತು ಹೊರಗಿಲ್ಲ, ಹೊರಗಿನದು ಒಳಗಿಲ್ಲ. ಅವನು ಹಾಗೆ ನಂಬಿದ್ದ.

ನಾವೆಲ್ಲ ನೋಡುತ್ತಿದ್ದೆವು. ಅವನ ಮುಖ ನಮ್ಮ ಕಡೆಗಿತ್ತು.

“ಒಂದು ಮಗ್ಗ ಖಾಲಿ ಆಗ್ತಿದೆ. ನಿಂಗೇ ಕೊಡ್ತೀನಿ,” ಎಂದ. “ಸಂಜೆ ಎಲ್ರೂ ಹೋದ್ಮೇಲೆ ಗೋದಾಮಿಗೆ ಬಾ. ಬಾಗಿಲು ಹಾಕ್ಕೊಂಡು ಮಾತಾಡೋಣ.”

ಅವಳ ಬೆನ್ನು ನಮ್ಮ ಕಡೆಗಿತ್ತು, ಅವಳೇನೆಂದಳೋ ಕಾಣಲಿಲ್ಲ. ಅವನ ಮುಖ ಮಾತ್ರ ಬಿಗಿಯಿತು.

“ಹಾಗಾದ್ರೆ ಸಾಯೋವರೆಗೂ ಗಂಟು ಹಾಕ್ಕೊಂಡಿರು. ಅದೂ ಇರುತ್ತೋ ಇಲ್ವೋ. ನಿಮ್ಮಮ್ಮನ ಔಷಧಿಗೆ ಯಾರ ಹತ್ರ ಹೋಗ್ತೀಯ, ಅವರೇನು ಬಿಟ್ಟಿ ಕೊಡ್ತಾರಾ?”

ಇಷ್ಟು ಹೇಳಿ ಅವಳ ಸೊಂಟಕ್ಕೆ ಕೈ ಹಾಕಿದ. ಅವಳು ಕೊರಳಿನ ಕತ್ತರಿ ತೆಗೆದು ಆ ಕೈಗೆ ಚುಚ್ಚಿದಳು.

ಮರುದಿನ ಮಿಲ್ಲಿನವರ ಮಾತು ಬೇರೆಯೇ ಆಗಿತ್ತು. ಕೆಲಸಕ್ಕೆ ತಡವಾಗಿ ಬಂದದ್ದಕ್ಕೆ ಮೇಸ್ತ್ರಿ ಬುದ್ಧಿ ಹೇಳಿದ, ಅವಳು ಹರಿತವಾದ ಆಯುಧದಿಂದ ಹಲ್ಲೆ ಮಾಡಿದಳು. ಒಳಗೇ ಒಂದು ವಿಚಾರಣೆ ನಡೆಸಿ, ಅವಳದೇ ತಪ್ಪೆಂದು ಕಂಡರೆ ಪೊಲೀಸರಿಗೆ ಒಪ್ಪಿಸುತ್ತೇವೆ ಎಂದರು. ಅವನ ಕೈಗೆ ಬಿಳಿ ಪಟ್ಟಿ ಸುತ್ತಿತ್ತು, ಎಲ್ಲರಿಗೂ ಕಾಣುವಂತೆ ಅದನ್ನು ಎತ್ತಿಕೊಂಡೇ ಓಡಾಡುತ್ತಿದ್ದ. ಅವನು ಆಡಿದ ಮಾತಿಗೆ ಯಾವ ಪಟ್ಟಿಯೂ ಇರಲಿಲ್ಲ.

ಅಂದು ಸಂಜೆ ನಮ್ಮ ಅಡುಗೆಮನೆಯಲ್ಲಿ ದೊಡ್ಡ ಜಗಳವೇ ನಡೆಯಿತು, ಒಂದು ಸದ್ದಿಲ್ಲದೆ. ನನ್ನ ಗಂಡ ಬಾಗಿಲ ಪಕ್ಕದಲ್ಲೇ ಕಾಲು ಚಾಚಿ ಪೇಪರ್ ಓದುತ್ತಿದ್ದ.

“ನಾನು ಹೋಗಿ ಸಾಕ್ಷಿ ಹೇಳ್ತೀನಿ,” ಎಂದಳು ಅಕ್ಕ.

“ಏನಂತ?” ಅತ್ತೆ ಕೇಳಿದರು. “ಗಾಜಿನ ಆಚೆ ಆಡಿದ್ದು ಇವಳಿಗೆ ಹೆಂಗೆ ಗೊತ್ತಾಯ್ತು ಅಂತ ಕೇಳಲ್ವಾ ಅವರು?”

“ಬಾಯಿ ನೋಡಿದೆ ಅಂತೀನಿ.”

“ಬಾಯಿ ಯಾಕೆ ನೋಡ್ತೀಯ ಅಂತಾರೆ. ಕಿವಿ ಇಲ್ಲ, ಅದಕ್ಕೆ ನೋಡ್ತೀನಿ ಅಂತೀಯಾ? ಅಲ್ಲಿಗೆ ನಿನ್ನ ಮಗ್ಗ ಹೋಯ್ತು. ನಾನು ಮೂವತ್ತು ವರ್ಷ ಬಚ್ಚಿಟ್ಟಿದ್ದನ್ನ ನೀನು ಒಂದು ದಿನದಲ್ಲಿ ಬೀದಿಗೆ ಹಾಕ್ತೀಯ. ನೀನೊಬ್ಬಳೇ ಅಲ್ಲ ಹೋಗೋದು. ಇಡೀ ಶೆಡ್ಡು ಹೋಗುತ್ತೆ.”

“ಆ ಹುಡುಗಿ ಜೈಲಿಗೆ ಹೋಗ್ತಾಳೆ ಅತ್ತೆ.”

ಅತ್ತೆ ಒಲೆಯ ಕಡೆ ಮುಖ ತಿರುಗಿಸಿದರು. ನಮ್ಮಲ್ಲಿ ಮಾತು ಬೇಡವೆಂದರೆ ಕಿವಿ ಮುಚ್ಚಬೇಕಾಗಿಲ್ಲ, ಕಣ್ಣು ಬೇರೆ ಕಡೆ ತಿರುಗಿಸಿದರೆ ಆಯಿತು. ಅಕ್ಕ ಎದ್ದು ಹೋಗಿ ಅವರ ಎದುರು ಕೂತಳು. ಅವರು ಈ ಕಡೆ ತಿರುಗಿದರು. ಅವಳು ಈ ಕಡೆ ಬಂದಳು. ನನಗೆ ಮೈ ಉರಿದುಹೋಯಿತು. “ಏನು ಮಕ್ಕಳಾಟ ಇದು,” ಎಂದು ಬಾಯಿ ಬಿಟ್ಟೇ ಕಿರುಚಿದೆ.

ಪೇಪರ್ ಕೆಳಗಿಳಿಯಿತು. “ಏನಾಯ್ತು? ಇಷ್ಟೊತ್ತು ಸುಮ್ನಿದ್ರಿ, ಇದ್ದಕ್ಕಿದ್ದಂಗೆ ಏನಿದು?” ಎಂದ ನನ್ನ ಗಂಡ.

“ಸಾರು ಉಕ್ತು,” ಎಂದೆ.

ಅವನು ಮತ್ತೆ ಪೇಪರಿನೊಳಗೆ ಹೋದ. ಅಕ್ಕ ನನ್ನ ಕಡೆ ತಿರುಗಿ, “ನೀನು ಬರಬೇಡ,” ಎಂದಳು. “ಒಂದೇ ಮನೆಯಿಂದ ಎರಡು ಸಂಬಳ ಹೋಗೋದು ಬೇಡ. ನನಗಾದ್ರೆ ಹಿಂದೆ ಮುಂದೆ ಯಾರೂ ಇಲ್ಲ. ನಿನಗೆ ಮಕ್ಕಳಿದಾರೆ.”

“ನನ್ನ ಮಕ್ಕಳನ್ನ ಹೊತ್ತು ತಿರುಗಿದೋಳು ನೀನು. ಈಗ ಯಾರೂ ಇಲ್ಲ ಅಂತೀಯಾ?”

“ಮಾತಿಗೆ ಹೇಳ್ದೆ ಕಣೇ. ಬರಬೇಡ ಅಷ್ಟೆ.”

ವಿಚಾರಣೆ ನಡೆಸಲು ಮೂವರಿದ್ದರು. ಒಬ್ಬ ಮ್ಯಾನೇಜರು. ಒಬ್ಬ ಅವರಾಡಿದ್ದಕ್ಕೆಲ್ಲ ತಲೆಯಾಡಿಸುವ ಆಫೀಸಿನ ದೊಡ್ಡ ಗುಮಾಸ್ತ. ಮೂರನೆಯವರು ಹೊರಗಿನಿಂದ ಬಂದ ವಕೀಲಮ್ಮ; ಇಂಥ ವಿಚಾರಣೆಯಲ್ಲಿ ಹೊರಗಿನ ಹೆಂಗಸೊಬ್ಬರು ಇರಬೇಕೆಂದು ಕಾನೂನಿದೆ. ಅವರನ್ನು ನಾವು ಮೊದಲೇ ನೋಡಿದ್ದೆವು. ಮಿಲ್ಲಿನವರು ವರ್ಷಕ್ಕೊಂದು ದಿನ ಮಹಿಳಾ ದಿನವೆಂದು ಮಾಡಿ, ಕೈಗೊಂದು ಗುಲಾಬಿ ಕೊಟ್ಟು, ಆ ಹೊತ್ತು ಹಾಳಾದದ್ದನ್ನು ಸಂಜೆ ದುಡಿಸಿ ವಸೂಲು ಮಾಡುತ್ತಾರೆ. ಒಂದು ಸಲ ಭಾಷಣಕ್ಕೆ ಕರೆದಾಗ ಈ ವಕೀಲಮ್ಮ ಮ್ಯಾನೇಜರ ಪಕ್ಕದಲ್ಲೇ ನಿಂತು, “ಇವರಿಗೆ ಗುಲಾಬಿ ಬೇಡ ಸಾರ್, ಬಟ್ಟೆ ಬದಲಿಸೋ ಕೋಣೆಗೆ ಚಿಲಕ ಹಾಕಿಸಿ ಸಾಕು,” ಎಂದಿದ್ದರು. ಆಮೇಲೆ ಭಾಷಣಕ್ಕೆ ಬೇರೆಯವರು ಬಂದರು. ಚಿಲಕ ಬರಲಿಲ್ಲ.

ವಿಚಾರಣೆ ಕ್ಯಾಂಟೀನಿನ ಮೇಲಿನ ಕೋಣೆಯಲ್ಲಿ. ಸಾಕ್ಷಿ ಹೇಳುವವರು ಇದ್ದರೆ ಬನ್ನಿ ಎಂದಾಗ ಶೆಡ್ಡಿನಲ್ಲಿ ಎಲ್ಲರ ಕಣ್ಣೂ ಮಗ್ಗದ ಮೇಲಿತ್ತು. ಅಕ್ಕ ತನ್ನ ಮಗ್ಗ ನಿಲ್ಲಿಸಿ ಹೋದಳು. ಒಳಗೆ ನಡೆದದ್ದನ್ನು ಆಮೇಲೆ ಅವಳೇ ಹೇಳಿದಳು.

ನೀನು ಕೇಳಿದೆಯಾ ಎಂದು ಮ್ಯಾನೇಜರು ಪ್ರಶ್ನಿಸಿದರು. ಕೇಳಲಿಲ್ಲ, ನೋಡಿದೆ ಎಂದಳು. ಮಾತನ್ನು ನೋಡಿದೆಯಾ ಎಂದು ನಕ್ಕರು, ಗುಮಾಸ್ತನೂ ನಕ್ಕ. ವಕೀಲಮ್ಮ ನಗಲಿಲ್ಲ. ಅವರ ಅಜ್ಜಿಗೆ ಕಿವಿ ಕೇಳುತ್ತಿರಲಿಲ್ಲವಂತೆ, ಮನೆಯಲ್ಲಿ ಯಾರೂ ಅವರಿಗೆ ಬೆನ್ನು ಹಾಕಿ ಮಾತಾಡುತ್ತಿರಲಿಲ್ಲವಂತೆ. “ಇದು ಆಗದ ಮಾತೇನಲ್ಲ. ಬೇಕಿದ್ರೆ ಈಗಲೇ ಪರೀಕ್ಷೆ ಮಾಡೋಣ,” ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಆ ಪರೀಕ್ಷೆಯ ಆಚೆ ಏನಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಅಕ್ಕನಿಗೆ ಗೊತ್ತಿತ್ತು. ಆಗಲಿ ಎಂದಳು.

ಎಲ್ಲರೂ ಶೆಡ್ಡಿಗೆ ಬಂದರು. ಮಗ್ಗ ನಿಲ್ಲಿಸಬಾರದು ಎಂದರು ಮ್ಯಾನೇಜರು, ಕಳ್ಳಾಟವಾಗಬಾರದಲ್ಲ. ಅವರೂ ವಕೀಲಮ್ಮನೂ ಕ್ಯಾಬಿನ್ನಿನೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಕ್ಕ ತನ್ನ ಮಗ್ಗದ ಪಕ್ಕ ನಿಂತಳು, ಗುಮಾಸ್ತ ಅವಳ ಪಕ್ಕ. ನೇಯ್ಗೆಯಲ್ಲಿ ದೋಷ ಕಂಡಲ್ಲಿ ಗುರುತು ಹಾಕಲು ನಮ್ಮ ಹತ್ತಿರ ಸೀಮೆಸುಣ್ಣ ಇರುತ್ತದೆ. ಒಳಗೆ ವಕೀಲಮ್ಮ ಒಂದೊಂದೇ ವಾಕ್ಯ ಹೇಳಿದ ಹಾಗೆ ಅಕ್ಕ ಬಗ್ಗಿ ಅದನ್ನು ನೆಲದ ಸಿಮೆಂಟಿನ ಮೇಲೆ ಬರೆದಳು. ‘ನನ್ನ ಮಗಳಿಗೆ ಹಲ್ಲು ನೋವು.’ ‘ಇವತ್ತು ಬಸ್ಸು ತಡವಾಗಿ ಬಂತು.’ ‘ನನಗೆ ಈ ಕೋಣೆಯ ವಾಸನೆ ಹಿಡಿಸುತ್ತಿಲ್ಲ.’ ಗುಮಾಸ್ತ ಅವನ್ನು ತನ್ನ ಹಾಳೆಗೆ ಇಳಿಸಿಕೊಳ್ಳುತ್ತಿದ್ದ. ಆಗ ಮ್ಯಾನೇಜರು ಪಕ್ಕಕ್ಕೆ ಬಾಗಿ ವಕೀಲಮ್ಮನಿಗೆ ಏನೋ ಅಂದರು. ಅದು ಪರೀಕ್ಷೆಯ ಮಾತಲ್ಲ. ಅಕ್ಕ ಅದನ್ನೂ ಬರೆದಳು.

‘ಅವನ ಚಪಲ ನಮಗೆ ಗೊತ್ತಿಲ್ಲದ್ದಲ್ಲ ಮೇಡಂ, ಆದರೆ ಉತ್ಪಾದನೆ ತೆಗೆಯೋನು ಅವನೇ. ಒಂದು ಗಂಟು ಹಾಕೋ ಹುಡುಗಿಗೋಸ್ಕರ ಅವನನ್ನ ಕಳ್ಕೊಳ್ಳೋಕಾಗುತ್ತಾ?’

ಗುಮಾಸ್ತ ಅರ್ಧ ಇಳಿಸಿಕೊಂಡ ಮೇಲೆ ಅವನ ಪೆನ್ನು ನಿಂತಿತು. ಬೂಟಿನಿಂದ ಅದನ್ನು ಒರೆಸಲು ಹೋದ. ನಾನು ಮಗ್ಗ ಬಿಟ್ಟು ಹೋಗಿ ಆ ಬರಹದ ಮೇಲೆ ನಿಂತೆ. “ಸ್ವಲ್ಪ ಆ ಕಡೆ ಸರಿ,” ಎಂದ, ಅವನ ಬಾಯಿ ಕಂಡಿತು. ನನಗೇನೂ ಕೇಳಿಸಲಿಲ್ಲ ಎಂಬಂತೆ ನಿಂತೇ ಇದ್ದೆ. ವಕೀಲಮ್ಮ ಮೆಟ್ಟಿಲಿಳಿದು ಬಂದು ಅದನ್ನು ಓದಿದರು, ತಮ್ಮ ಕೈಯಿಂದಲೇ ಬರೆದುಕೊಂಡರು.

ಅಲ್ಲಿಗೆ ಗೆದ್ದೆವು ಎಂದುಕೊಂಡೆ. ಹೆಂಗಸರ ಮುಖದಲ್ಲೂ ಅದೇ ಇತ್ತು. ಶೆಡ್ಡಿನ ತುಂಬ ಬಾಯಿಗಳು ಆಡುತ್ತಿದ್ದವು. ಆದರೆ ಮ್ಯಾನೇಜರು ಹುಚ್ಚರಲ್ಲ. ಮತ್ತೆ ಮೇಲಿನ ಕೋಣೆಗೆ ಹೋದ ಮೇಲೆ ಅವರು ಅಕ್ಕನೆದುರು ಕೂತು, ಟೀ ತಂದಿಟ್ಟಿದ್ದ ತಟ್ಟೆಯನ್ನು ಎತ್ತಿ ಮೂಗಿನ ಕೆಳಗೆ ಅಡ್ಡ ಹಿಡಿದರು. ತಟ್ಟೆಯ ಮೇಲೆ ಅವರ ಕಣ್ಣು ಮಾತ್ರ ಕಾಣುತ್ತಿತ್ತಂತೆ. ಏನೋ ಕೇಳಿದರು. ಅಕ್ಕ ಸುಮ್ಮನಿದ್ದಳು. ಮತ್ತೆ ಕೇಳಿದರು. ವಕೀಲಮ್ಮನ ಮುಖ ನೋಡಿದಳು. ಅವರ ಕಣ್ಣಲ್ಲಿ ಗಾಬರಿ ಇತ್ತು. “ಇದು ಈ ವಿಚಾರಣೆಯ ವಿಷಯ ಅಲ್ಲ. ತಟ್ಟೆ ಕೆಳಗಿಡಿ,” ಎಂದು ಅವರು ಹೇಳುತ್ತಿದ್ದರು.

ಮ್ಯಾನೇಜರು ತಟ್ಟೆ ಕೆಳಗಿಟ್ಟರು. “ನಿನ್ನ ಹೆಸರೇನು ಅಂತ ಕೇಳ್ದೆ ಅಷ್ಟೆ,” ಎಂದರು. “ನಮ್ಮ ಯಂತ್ರದ ಮುಂದೆ ಇಷ್ಟು ವರ್ಷ ಕಿವುಡಿ ಒಬ್ಬಳು ನಿಂತಿದ್ಲು, ಪರೀಕ್ಷೆಯಲ್ಲಿ ಮೋಸ ಮಾಡಿ. ಇಂಥೋಳ ಸಾಕ್ಷಿ ನಂಬಬೇಕಾ ಮೇಡಂ?”

ವಕೀಲಮ್ಮ ಕೆಳಗಿಳಿದು ನಮ್ಮ ಹತ್ತಿರ ಬಂದು ನಡೆದದ್ದನ್ನು ಹೇಳಿದರು. ಊಟದ ಬಿಡುವಿನ ಹೊತ್ತು, ಮಗ್ಗ ನಿಂತಿದ್ದವು. ಅವರು ನಿಧಾನವಾಗಿ, ಬಾಯಿ ಚೆನ್ನಾಗಿ ತೆರೆದು ಮಾತಾಡಿದರು. “ಒಬ್ಬರ ಸಾಕ್ಷಿಯನ್ನ ಮೋಸಗಾರ್ತಿಯ ಮಾತು ಅಂತ ಮ್ಯಾನೇಜರು ತಳ್ಳಿಹಾಕ್ತಾರೆ. ಆ ಕಡೆ ಗಾಯ ಕಣ್ಣಿಗೆ ಕಾಣ್ತಿದೆ. ಇನ್ನೊಬ್ಬರು ಇದನ್ನೇ ಹೇಳಿದ್ರೆ ಮಿಲ್ಲಿನವರಿಗೆ ಪೊಲೀಸ್ ಹತ್ರ ಹೋಗೋಕೆ ಧೈರ್ಯ ಬರಲ್ಲ. ಆದ್ರೆ ಸುಳ್ಳು ಹೇಳಲ್ಲ ನಾನು. ಬಂದೋರಿಗೂ ತಟ್ಟೆ ಅಡ್ಡ ಹಿಡೀತಾರೆ. ಕೆಲಸಕ್ಕೆ ನಾನು ಗ್ಯಾರಂಟಿ ಕೊಡೋಕಾಗಲ್ಲ.”

ನೂಲಿನ ಪೆಟ್ಟಿಗೆಯ ಮೇಲೆ ಕೂತಿದ್ದ ಹಿರಿಯಳೊಬ್ಬಳು, ಪಾಯಿಖಾನೆಯ ಬೀಗ ಹೋದ ದಿನ ಅಕ್ಕನನ್ನು ತಬ್ಬಿಕೊಂಡು ಅತ್ತವಳು, ತನ್ನ ಊಟದ ಡಬ್ಬಿಯನ್ನು ಮುಚ್ಚಿ, ತೆಗೆದು, ಮತ್ತೆ ಮುಚ್ಚಿದಳು. ಕತ್ತರಿ ಗೋಡೆಗೆ ಒರಗಿ ನಿಂತಿದ್ದಳು. ಒಬ್ಬೊಬ್ಬರ ಮುಖವನ್ನೂ ನೋಡಿದಳು. ನೋಡಿದವರೆಲ್ಲ ಕಣ್ಣು ಕೆಳಗೆ ಹಾಕಿದರು. ಅವಳು ಯಾರನ್ನೂ ಏನೂ ಕೇಳಲಿಲ್ಲ. ಆ ನಾಲಿಗೆಯವಳು ಸುಮ್ಮನೆ ನಿಂತದ್ದು ನನ್ನಿಂದ ತಡೆಯಲಾಗಲಿಲ್ಲ.

ಅಂಗಳದ ಆಚೆ, ಕ್ಯಾಂಟೀನಿನ ಮೆಟ್ಟಿಲ ಮೇಲೆ ಅಕ್ಕ ನಿಂತಿದ್ದಳು. ನಾನು ಏಳುವುದು ಕಾಣುತ್ತಲೇ ಅವಳ ಬಾಯಿ ಆಡಿತು.

“ಬೇಡ.”

ನಾನು ಅಂಗಳಕ್ಕಿಳಿದೆ.

“ಬೇಡ ಅಂದ್ನಲ್ಲ. ನಿನ್ನ ಗಂಡನಿಗೆ ಏನು ಹೇಳ್ತೀಯ? ಹಿಂದಕ್ಕೆ ಹೋಗು. ನಿನ್ನ ಕಾಲು ಹಿಡೀತೀನಿ, ಹೋಗು.”

ವರ್ಷಾನುಗಟ್ಟಲೆ ಪೆಟ್ಟಿಗೆ ಹತ್ತಿ, ಬಾಯಿ ಬಿಡಿ, ಬಾಯಿ ಬಿಡಿ ಎಂದು ಎಲ್ಲರ ಪ್ರಾಣ ತಿಂದವಳು ಈಗ ನನ್ನ ಬಾಯಿ ಮುಚ್ಚಿಸಲು ನೋಡುತ್ತಿದ್ದಳು. ಅವಳ ಮೇಲೂ ಸಿಟ್ಟು ಬಂತು, ಡಬ್ಬಿಯ ಮುದುಕಿಯ ಮೇಲೂ ಬಂತು, ನನ್ನ ಮೇಲೂ. ಆಗ ಧೈರ್ಯ ಅಂಥದ್ದೇನೂ ಇರಲಿಲ್ಲ. ಸಿಟ್ಟು ಇತ್ತು, ಅದೇ ಕಾಲಿಗೆ ಬಂತು. ಅವಳ ಪಕ್ಕದಿಂದಲೇ ಮೆಟ್ಟಿಲು ಹತ್ತಿ ಹೋದೆ. ಹೋಗುವಾಗ ಅವಳ ಮುಖ ನೋಡಲಿಲ್ಲ, ನೋಡಿದ್ದರೆ ಅವಳು ಹೇಳಿದ್ದು ತಿಳಿಯುತ್ತಿತ್ತಲ್ಲ.

ನೋಡಿದ್ದನ್ನೆಲ್ಲ ಹೇಳಿದೆ. ಗೋದಾಮು, ಮಗ್ಗ, ತಾಯಿಯ ಔಷಧಿ, ಸೊಂಟ. ವಕೀಲಮ್ಮ ಬರೆದುಕೊಂಡರು. ಮ್ಯಾನೇಜರು ತಟ್ಟೆ ಎತ್ತಿದರು. ನನ್ನ ಕಿವಿಯಲ್ಲಿ ದೂರದ ಜೇನುಗೂಡಿನಂಥ ಗುಂಯ್ ಎಂಬ ಸದ್ದು ಬಿಟ್ಟರೆ ಏನೂ ಇರಲಿಲ್ಲ.

“ಎತ್ತಿ ಹಿಡ್ಕೊಂಡು ಕೈ ನೋಯಿಸ್ಕೋಬೇಡಿ,” ಎಂದೆ. “ಕೇಳಿಸಲ್ಲ. ನಿಮ್ಮ ಮಗ್ಗ ತಿಂದುಹಾಕಿದೆ.”

ಮೂರನೆಯವಳು ಯಾರೂ ಬರಲಿಲ್ಲ.

ತೀರ್ಪು ಬಂದಾಗ ಎಲ್ಲರಿಗೂ ಒಂದೊಂದು ಚೂರು ಸಿಕ್ಕಿತು. ಹುಡುಗಿಯನ್ನು ಪೊಲೀಸರಿಗೆ ಒಪ್ಪಿಸಲಿಲ್ಲ. ಅದಕ್ಕಾಗಿ ವಕೀಲಮ್ಮ ಗುದ್ದಾಡಿದರು ಎಂದು ಆಮೇಲೆ ತಿಳಿಯಿತು. ಅವಳ ಕೆಲಸ ಉಳಿಯಿತು, ಗಂಟು ಹಾಕುವ ಅದೇ ಕೆಲಸ. ಮೇಸ್ತ್ರಿಗೆ ಎಚ್ಚರಿಕೆ ಕೊಟ್ಟು, ಊರಿನ ಇನ್ನೊಂದು ತುದಿಯಲ್ಲಿದ್ದ ಅದೇ ಮಾಲೀಕರ ಬೇರೆ ಮಿಲ್ಲಿಗೆ ಕಳಿಸಿದರು, ಮೇಸ್ತ್ರಿಯಾಗಿಯೇ. ನಮ್ಮಿಬ್ಬರನ್ನು ಯಂತ್ರದ ಕೆಲಸಕ್ಕೆ ತಕ್ಕವರಲ್ಲ, ಪರೀಕ್ಷೆಯಲ್ಲಿ ಮೋಸ ಮಾಡಿದವರು ಎಂದು ತೆಗೆದುಹಾಕಿದರು. ಮೇಲಿನವರಿಗೆ ಅರ್ಜಿ ಹಾಕೋಣ, ವರ್ಷ ಹಿಡಿಯಬಹುದು ಎಂದರು ವಕೀಲಮ್ಮ. ಹಾಕಿದ್ದಾರೆ. ಕ್ಯಾಬಿನ್ನಿನ ಗಾಜಿಗೆ ಆಳೆತ್ತರದವರೆಗೆ ಹಸಿರು ಬಣ್ಣ ಬಳಿದರಂತೆ. ಮುಂದಿನ ಕಿವಿ ಪರೀಕ್ಷೆಗೆ ನರ್ಸು ಬಾಯಿಗೆ ಬಟ್ಟೆ ಕಟ್ಟಿಕೊಂಡು ಬರುತ್ತಾಳೆ ಎಂದು ಸುದ್ದಿ ಹಬ್ಬಿ, ಶೆಡ್ಡಿನವರೆಲ್ಲ ನಮ್ಮಿಬ್ಬರಿಗೆ ಶಾಪ ಹಾಕುತ್ತಿದ್ದರು.

ನನ್ನ ಗಂಡ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ, “ನಂಗೊಂದು ಮಾತು ಹೇಳ್ಬಾರ್ದಿತ್ತಾ?” ಎಂದ. ನಿನ್ನ ಮುಂದೆಯೇ ಅಷ್ಟು ಹೊತ್ತು ಹೇಳಿದೆವಲ್ಲ ಎನ್ನಬೇಕೆಂದಿದ್ದೆ. ಅವನ ಮುಖ ನೋಡಿ ಸುಮ್ಮನಾದೆ. ಈಗ ಅವನು ರಜೆಯ ದಿನವೂ ಬಸ್ಸಿಗೆ ಹೋಗುತ್ತಾನೆ. ಅತ್ತೆ ಮಾತ್ರ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅಕ್ಕ ಎದುರಿಗೆ ಬಂದರೆ ಕಣ್ಣು ಮುಚ್ಚಿಕೊಂಡು ಕೂರುತ್ತಾರೆ, ನಿದ್ದೆ ಬಂದವರ ಹಾಗೆ.

ಒಂದು ಭಾನುವಾರ ಕತ್ತರಿ ಮನೆಗೆ ಬಂದಳು. ಅವಳ ಕೊರಳಲ್ಲಿ ಕತ್ತರಿ ಇರಲಿಲ್ಲ. ಈಗ ಕೆಲಸ ಮುಗಿದ ಮೇಲೆ ಅದನ್ನು ಆಫೀಸಿಗೆ ಕೊಟ್ಟು ಬರಬೇಕಂತೆ, ಅವಳೊಬ್ಬಳು ಮಾತ್ರ.

“ಯಾರೂ ನನ್ನ ಬಾಯಿ ನೋಡಲ್ಲ ಅಕ್ಕ,” ಎಂದಳು. “ನೂಲು ಹರಿದಿದೆ ಅಂತ ಹೇಳಿದ್ರೂ ಆ ಕಡೆ ತಿರುಗ್ತಾರೆ. ಇಡೀ ದಿನ ಒಂದು ಮಾತಿಲ್ಲ. ನಾನು ಜೈಲಿಗೇ ಹೋಗಿದ್ರೆ ನಿಮ್ಮಿಬ್ಬರ ಅನ್ನ ಉಳೀತಿತ್ತು.”

“ಬಾಯಿ ಮುಚ್ಚು,” ಎಂದಳು ಅಕ್ಕ, ಬೀದಿಗೆಲ್ಲ ಕೇಳುವಂತೆ. “ನಿನ್ನನ್ನ ಒಳಗೆ ಹಾಕಿಸಿ ನಾನು ಮಗ್ಗದ ಮುಂದೆ ನಿಂತ್ಕೊಂಡು ಏನು ನೇಯ್ಲಿ, ನಿನ್ನ ಹೆಣದ ಬಟ್ಟೆನಾ?”

ಹುಡುಗಿ ಅತ್ತಳು. ಅಕ್ಕ ಸಮಾಧಾನ ಮಾಡಲಿಲ್ಲ. ಅವಳಿಗೆ ಬೇರೇನೋ ಹೊಳೆದಿತ್ತು. “ಅವನೀಗ ಆ ಮಿಲ್ಲಲ್ಲಿದಾನೆ. ಅಲ್ಲೂ ಗಂಟು ಹಾಕೋ ಹೆಣ್ಣುಮಕ್ಕಳಿದಾರೆ. ಅವರಿಗೆ ಯಾರು ಹೇಳ್ತಾರೆ?” ಎಂದಳು.

ಮರುದಿನ ನಾವಿಬ್ಬರೂ ಎರಡು ಬಸ್ಸು ಬದಲಿಸಿ ಆ ಮಿಲ್ಲಿಗೆ ಹೋದೆವು. ಪಾಳಿ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತೆವು. ಅಕ್ಕ ಬಾಯಿ ತೆರೆಯುವುದಕ್ಕೆ ಮೊದಲೇ ಕಾವಲುಗಾರ ಬಂದ. ನಮ್ಮ ವಿಷಯ ಅವನಿಗೆ ಮೊದಲೇ ಹೇಳಿಟ್ಟಿದ್ದರೋ ಏನೋ.

“ಇಲ್ಲಿ ಭಾಷಣ ಗೀಷಣ ಮಾಡೋ ಹಾಗಿಲ್ಲಮ್ಮ. ಕೂಗಾಡಿದ್ರೆ ಪೊಲೀಸ್ ಕರೀತೀನಿ.”

“ಕೂಗಲ್ಲಪ್ಪ,” ಎಂದಳು ಅಕ್ಕ. “ರಸ್ತೆ ಆ ಕಡೆ ನಿಂತ್ಕೊಳ್ಳೋಕೂ ನಿನ್ನಪ್ಪಣೆ ಬೇಕಾ?”

ರಸ್ತೆ ದಾಟಿದೆವು. ಎದುರಿಗೆ ಬಾಗಿಲು ಹಾಕಿದ ಟೈರ್ ಅಂಗಡಿಯೊಂದಿತ್ತು, ಅದರ ಕಟ್ಟೆಯ ಮೇಲೆ ಹತ್ತಿ ನಿಂತೆವು. ಲಾರಿಗಳು ಹೋಗುತ್ತಿದ್ದವು, ಧೂಳು. ಸೈರನ್ ಆಗಿರಬೇಕು, ಗೇಟು ತೆರೆಯಿತು, ಹೆಂಗಸರು ಬರತೊಡಗಿದರು. ತಲೆಯಲ್ಲೆಲ್ಲ ಹತ್ತಿಯ ನವಿರು, ನಮ್ಮ ಹಾಗೆಯೇ. ಅಕ್ಕ ಸದ್ದಿಲ್ಲದೆ ಶುರು ಮಾಡಿದಳು.

“ನಿಮ್ಮ ಹೊಸ ಮೇಸ್ತ್ರಿ ನಮ್ಮ ಮಿಲ್ಲಿಂದ ಬಂದೋನು. ಗೋದಾಮಿಗೆ ಕರೀತಾನೆ. ಒಬ್ಬರೇ ಹೋಗಬೇಡಿ. ಅವನು ಕರೆದಾಗ ಎಲ್ರೂ ನೋಡ್ತಿರಿ.”

ಮುಗಿದ ಕೂಡಲೇ ನಾನು ಅದನ್ನೇ ಹೇಳುತ್ತಿದ್ದೆ, ಆಮೇಲೆ ಮತ್ತೆ ಅವಳು. ಕಾವಲುಗಾರ ಗೇಟಿನಲ್ಲಿ ನಿಂತು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದ. ಕಟ್ಟೆಯ ಮೇಲೆ ಇಬ್ಬರು ಹೆಂಗಸರು ಸುಮ್ಮನೆ ಬಾಯಾಡಿಸುತ್ತಿದ್ದಾರೆ. ಇದಕ್ಕೆ ಯಾರನ್ನು ಕರೆಯುವುದು? ಮೊದಲ ಗುಂಪು ನಮ್ಮನ್ನು ನೋಡದೆ ಹೋಯಿತು. ಎರಡನೆಯ ಗುಂಪಿನಲ್ಲಿ ಒಬ್ಬಳು ನಿಂತಳು, ಅವಳ ಹಿಂದೆ ಬಂದವರೂ ನಿಂತರು. ಆಮೇಲೆ ಗೇಟಿನ ಮುಂದೆ ಒಂದು ಸಾಲೇ ನಿಂತಿತು, ಎಲ್ಲ ಮುಖಗಳೂ ನಮ್ಮ ಕಡೆ.

ನಡುವಿನಲ್ಲಿದ್ದ ಉದ್ದನೆಯ ಹೆಂಗಸೊಬ್ಬಳು, ನರೆತ ಕೂದಲಿನವಳು, ಕಾವಲುಗಾರನಿಗೆ ಬೆನ್ನು ಹಾಕಿ ತಿರುಗಿದಳು.

“ನಮಗೆ ಗೊತ್ತು,” ಎಂದಳು. “ಅವನು ಮೊದಲು ಇಲ್ಲೇ ಇದ್ದ. ನಾವು ಬಾಯಿ ಬಿಟ್ಟಿದ್ದಕ್ಕೇ ಅವನನ್ನ ನಿಮ್ಮ ಕಡೆ ಕಳಿಸಿದ್ದು.”

ಅಕ್ಕ ನನ್ನ ತೋಳು ಹಿಡಿದುಕೊಂಡಳು. ಅವಳ ಉಗುರು ನಾಟಿತು. ಅವನು ನಮ್ಮಲ್ಲಿಗೆ ಬಂದಾಗ, ಮಾಲೀಕರೇ ಬಡ್ತಿ ಕೊಟ್ಟು ಕಳಿಸಿದವನು ಎಂದಷ್ಟೇ ಮಿಲ್ಲಿನಲ್ಲಿ ಹೇಳಿದ್ದರು.

“ನಮಗೆ ಯಾಕೆ ಹೇಳ್ಲಿಲ್ಲ ನೀವು?” ನಾನು ಕೇಳಿದೆ. ಸಿಟ್ಟಿನಲ್ಲಿ ದನಿಯೂ ಹೊರಬಂದಿರಬೇಕು, ಕಾವಲುಗಾರ ಒಂದು ಹೆಜ್ಜೆ ಮುಂದೆ ಬಂದ.

ಆ ಹೆಂಗಸಿನ ಪಕ್ಕದವಳು ಕಣ್ಣು ಕೆಳಗೆ ಹಾಕಿದಳು.

“ಆಗ ಸಾಕ್ಷಿ ಹೇಳಿದೋಳು ಯಾರು?” ಅಕ್ಕ ಕೇಳಿದಳು.

“ಅವಳೀಗ ಇಲ್ಲಿಲ್ಲ. ತೆಗೆದುಹಾಕಿದ್ರು. ಕಿವಿ ಸರಿಯಿಲ್ಲ ಅಂತ.”

ಲಾರಿಯೊಂದು ನಡುವೆ ಬಂತು. ಅದು ದಾಟುವವರೆಗೆ ಏನೂ ಕಾಣಲಿಲ್ಲ. ದಾಟಿದಾಗ ಸಾಲು ಚದುರುತ್ತಿತ್ತು, ಉದ್ದನೆಯ ಹೆಂಗಸು ಮಾತ್ರ ಅಲ್ಲೇ ನಿಂತಿದ್ದಳು.

“ಅವಳ ಮನೆ ಎಲ್ಲಿ?” ಎಂದಳು ಅಕ್ಕ.